ಮೈಲಾರನ ಮಾತ್ರೆ

ನಮ್ಮ ಮನೆಯಲ್ಲಿ ಮಾತ್ರೆಗೆ ಬಹಳ ಮರ್ಯಾದೆ. ಮಾವನವರು ದಾವಣಗೆರೆಯಿಂದ ನ್ಯೂಜೆರ್ಸಿಗೆ ಬಂದಿಳಿದರೆಂದರೆ ಒಂದು ಸೂಟ್‌ಕೇಸಿನ ತುಂಬ ಮಂಡಕ್ಕಿ, ಚಟ್ನಿಪುಡಿ. ಇನ್ನೊಂದರ ತುಂಬ ಆರು ತಿಂಗಳಿಗಾಗುವಷ್ಟು ಔಷಧಿ. ಬಿ.ಪಿ.ಗೊಂದು, ಶುಗರಿಗೆರಡು, ಕೊಲೆಸ್ಟ್ರಾಲಿಗೊಂದು, ಇವೆಲ್ಲ ಸೇರಿ ಹೊಟ್ಟೆಯಲ್ಲಿ ಎಬ್ಬಿಸುವ ಗ್ಯಾಸಿಗೆ ಮತ್ತೊಂದು. ಊಟಕ್ಕೆ ಕೂತ ಅತಿಥಿಗಳ ಎದುರು ಆ ಪ್ಲಾಸ್ಟಿಕ್ ಡಬ್ಬಿ ತೆರೆದು, ಒಂದೊಂದರ ಹೆಸರು, ಅದನ್ನು ಬರೆದುಕೊಟ್ಟ ಡಾಕ್ಟರ ಊರು, ಆ ಡಾಕ್ಟರ ತಂದೆ ಏನು ಕೆಲಸದಲ್ಲಿದ್ದರು ಎಂಬ ವಿವರದ ಸಮೇತ ನುಂಗುತ್ತಾರೆ. ಅತಿಥಿಗಳೂ ಬಿಟ್ಟುಕೊಡುವುದಿಲ್ಲ. "ನಿಮ್ಮದು ಐದಾ? ನಂದು ಹತ್ತು" ಎಂದು ತಮ್ಮ ಮಿಲಿಗ್ರಾಂ ಮುಂದಿಡುತ್ತಾರೆ. ಇಂಥ ಮನೆಯಲ್ಲಿ ಒಂದೇ ಒಂದು ಮಾತ್ರೆಗಾಗಿ ಕುರುಕ್ಷೇತ್ರ ನಡೆಯಿತು. ಅದು ನಾಯಿಯ ಮಾತ್ರೆ.

ನಾಯಿ ಬಂದದ್ದು 2020ರಲ್ಲಿ, ಲಾಕ್‌ಡೌನಿನಲ್ಲಿ ಕೂತವರೆಲ್ಲ ನಾಯಿ ಸಾಕಲು ಮುಗಿಬಿದ್ದ ಕಾಲದಲ್ಲಿ. "ವಾಕಿಂಗ್ ನಾವೇ ಮಾಡಿಸ್ತೀವಿ, ಕಕ್ಕ ನಾವೇ ಎತ್ತುತೀವಿ" ಎಂದು ಮಕ್ಕಳಿಬ್ಬರೂ ಸಹಿ ಹಾಕಿಕೊಟ್ಟ ಕರಾರುಪತ್ರ ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ. ಎತ್ತುತ್ತಿರುವವರು ನಮ್ಮ ಯಜಮಾನರು. ಲ್ಯಾಬ್ರಡಾರಿನ ತಲೆ, ಯಾವ ತಳಿಯದೆಂದು ಹೇಳಲಾಗದ ಗಿಡ್ಡ ಕಾಲು. ಮಕ್ಕಳಿಟ್ಟ ಹೆಸರು ಮಿಲೋ. ಅತ್ತೆಯ ಬಾಯಲ್ಲಿ ಅದು ಮೈಲಾರ ಆಯಿತು. ಅವರ ತವರಿನ ಮನೆದೇವರು ಮೈಲಾರಲಿಂಗ. ಆ ದೇವರಿದ್ದಲ್ಲಿ ನಾಯಿ ಇದ್ದೇ ಇರುತ್ತದೆ. ಹೀಗಾಗಿ ನಾಯಿ ಮನೆಯೊಳಗಿರುವ ಕುರಿತು ಅವರಿಗಿದ್ದ ತಕರಾರು ನಾಮಕರಣದಲ್ಲೇ ಬಗೆಹರಿಯಿತು. ಅಡುಗೆಮನೆ ಹೊಸ್ತಿಲು ಮಾತ್ರ ದಾಟಕೂಡದು. ಇಲ್ಲಿನ ಅಡುಗೆಮನೆಗೆ ಹೊಸ್ತಿಲೆಲ್ಲಿಯದು? ಅತ್ತೆ ನೆಲಕ್ಕೆ ನೀಲಿ ಟೇಪು ಅಂಟಿಸಿ ಗಡಿ ಹಾಕಿದರು. ಮೈಲಾರ ಮುಂಗಾಲಿನ ಉಗುರನ್ನು ಸರಿಯಾಗಿ ಟೇಪಿನ ಮೇಲಿಟ್ಟು ಮಲಗುತ್ತಾನೆ, ಒಳಗೂ ಅಲ್ಲ, ಹೊರಗೂ ಅಲ್ಲ, ಗ್ರೀನ್ ಕಾರ್ಡಿಗೆ ಕಾದವರ ಹಾಗೆ.

ಹುಟ್ಟಿದಾಗಿನಿಂದ ಅವನು ಖಾಲಿ ಮನೆ ನೋಡಿದವನಲ್ಲ. ಆಮೇಲೆ ಆಫೀಸುಗಳು ಎಲ್ಲರನ್ನೂ ವಾಪಸು ಕರೆದವು. ಮಗ ದೂರದ ಕಾಲೇಜಿಗೆ ಹೋದ, ಮಗಳು ಹೈಸ್ಕೂಲಿಗೆ, ಯಜಮಾನರು ಮೆಟ್ರೋಪಾರ್ಕಿನಲ್ಲಿ ರೈಲು ಹತ್ತಿ ನ್ಯೂಯಾರ್ಕಿಗೆ, ನಾನು ಕಾರು ಹತ್ತಿ ಪ್ರಿನ್ಸ್‌ಟನ್ನಿನ ಕಡೆಗೆ. ನಮ್ಮದು ಟೌನ್‌ಹೌಸು, ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಸ್ವಲ್ಪ ದಿನಕ್ಕೆ ಬಾಗಿಲಿಗೆ ಒಂದು ಚೀಟಿ ಅಂಟಿತ್ತು: ನಿಮ್ಮ ನಾಯಿ ಬಹಳ ದುಃಖದಲ್ಲಿರುವಂತಿದೆ, ನಮ್ಮಿಂದ ಏನಾದರೂ ಸಹಾಯ ಬೇಕೇ? ನಮ್ಮೂರಿನಲ್ಲಾದರೆ "ನಿಮ್ಮ ನಾಯಿ ಬಾಯಿ ಮುಚ್ಚಿಸ್ರೀ" ಎಂದು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಇಲ್ಲಿ ದೂರನ್ನೂ ಸಂತಾಪಸೂಚಕವಾಗಿಯೇ ಬರೆಯುತ್ತಾರೆ.

ಕ್ಯಾಮೆರಾ ಹಾಕಿಸಿದೆವು. ನಾವು ಬಾಗಿಲು ಹಾಕಿದ ಕೂಡಲೇ ಮೈಲಾರ ಬಾಗಿಲ ಬುಡದಲ್ಲಿ ನಿಲ್ಲುತ್ತಾನೆ. ಆಕಳಿಸುತ್ತಾನೆ, ಏದುಸಿರು ಬಿಡುತ್ತಾನೆ, ಎದೆಯ ರೋಮವೆಲ್ಲ ಜೊಲ್ಲಿನಿಂದ ಒದ್ದೆ. ಆಮೇಲೆ ಮೂತಿ ಮೇಲೆತ್ತಿ ಊಳಿಡುತ್ತಾನೆ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದು ಕೆರೆದು ಬಿಳಿ ಬಣ್ಣದಡಿಯ ಮರ ಹೊರಬಂದಿತ್ತು. ಮುಂದಿಟ್ಟ ಬಿಸ್ಕತ್ತಿನ ಕಡೆ ತಿರುಗಿಯೂ ನೋಡಲಿಲ್ಲ. ಒಂಟಿಯಾದಾಗ ಹುಟ್ಟುವ ಈ ಹೆದರಿಕೆಯ ಕಾಯಿಲೆಯ ಆರ್ಭಟ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಎನ್ನುತ್ತಾರೆ ಬಲ್ಲವರು. ಆ ಅರ್ಧ ಗಂಟೆ ನಮ್ಮ ಯಜಮಾನರು ರೈಲಿನಲ್ಲಿರುವ ಅರ್ಧ ಗಂಟೆ. ಒಂದು ದಿನ ಇಯರ್‌ಫೋನು ಸರಿಯಾಗಿ ಸಿಕ್ಕಿಸಿಕೊಳ್ಳದೆ ಕ್ಯಾಮೆರಾ ತೆರೆದು ಕೂತಿದ್ದಾರೆ. ರೈಲು ಡಬ್ಬಿಯ ತುಂಬ ಮೈಲಾರನ ಊಳು. ಸೂಟು ತೊಟ್ಟವರೆಲ್ಲ ಸೀಟಿನಡಿ ನಾಯಿ ಹುಡುಕಿದರಂತೆ.

ಸಲಹೆಗೇನು ಬರವೇ? ಕನ್ನಡ ಕೂಟದಲ್ಲಿ ಉಪ್ಪಿನಕಾಯಿಗಿಂತ ಅಗ್ಗವಾಗಿ ಸಿಗುವುದು ಅದೇ. "ಇನ್ನೊಂದು ನಾಯಿ ತನ್ನಿ, ಜೊತೆಯಾಗುತ್ತೆ" ಎಂದರು ಒಬ್ಬರು. ಅವನಿಗೆ ಬೇಕಾದದ್ದು ನಾವು, ಇನ್ನೊಂದು ನಾಯಿ ಅಲ್ಲ. ತಂದರೆ ಊಳಿಡಲು ಇಬ್ಬರಾಗುವ ಸಂಭವವೇ ಹೆಚ್ಚು. "ಬೋನಿನಲ್ಲಿ ಹಾಕಿ" ಎಂದರು ಇನ್ನೊಬ್ಬರು. ಭಯಬಿದ್ದ ನಾಯಿ ಬೋನಿನ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳಬಹುದು. "ನಾಲ್ಕು ಬಿಗೀರಿ, ಸರಿಹೋಗುತ್ತೆ" ಎಂದವರಿಗೆ ನಾಯಿ ಡಾಕ್ಟರಮ್ಮನೇ ಉತ್ತರ ಕೊಟ್ಟರು: ಇದು ತುಂಟತನವಲ್ಲ, ಹೆದರಿಕೆ, ಹೆದರಿದವನಿಗೆ ಹೊಡೆದರೆ ಹೆದರಿಕೆ ಎರಡಾಗುತ್ತದೆ. ದಾವಣಗೆರೆಯಿಂದ ಅತ್ತೆ ಫೋನಿನಲ್ಲೇ ದೃಷ್ಟಿ ತೆಗೆಸಿದರು. ಉಪ್ಪು ಮೆಣಸಿನಕಾಯಿ ಒಲೆಗೆ ಬಿದ್ದದ್ದೇ ತಡ, ಸ್ಮೋಕ್ ಅಲಾರಂ ಮೈಲಾರನಿಗಿಂತ ಜೋರಾಗಿ ಕೂಗಿತು.

ರಬ್ಬರಿನ ಆಟಿಕೆಯೊಳಗೆ ತಿಂಡಿ ತುಂಬಿಟ್ಟು ಹೋಗುವ ಉಪಾಯವೂ ಇದೆ, ಹೆದರಿಕೆ ಹಗುರವಾಗಿದ್ದರೆ ಕೆಲಸಕ್ಕೆ ಬರುತ್ತದೆ. ಆದರೆ ಏನು ತುಂಬುವುದು? ಪೀನಟ್ ಬಟರ್ ಆದರೆ ಅದರಲ್ಲಿ ಸೈಲಿಟಾಲ್ ಎಂಬ ಸಕ್ಕರೆ ಬದಲಿ ಇದೆಯೇ ಎಂದು ನೋಡಬೇಕು, ಅದು ನಾಯಿಗೆ ವಿಷ. ಕೇಸರಿಬಾತಿನ ಒಣದ್ರಾಕ್ಷಿ ಅದರ ಕಿಡ್ನಿಗೆ ಆಗದು. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕ್ಕೆ ಆಗದು. ನಮ್ಮ ಅಡುಗೆಯಲ್ಲಿ ಇನ್ನು ಉಳಿಯಿತೇನು? ಒಗ್ಗರಣೆ ಇಲ್ಲದ, ಉಪ್ಪಿಲ್ಲದ ಮೊಸರನ್ನ. ಅದನ್ನು ಮೈಲಾರನಿಗಿಂತ ಮೊದಲು ಯಜಮಾನರೇ ನಿರಾಕರಿಸಿದರು.

ಆಮೇಲೆ ತರಬೇತಿ ಶುರುವಾಯಿತು. ಬೀಗದಕೈ ಕಿಣಿಕಿಣಿ ಎಂದರೆ ಸಾಕು, ಮೈಲಾರನಿಗೆ ನಡುಕ. ಗಂಟೆ ಬಾರಿಸಿದರೆ ಊಟ ಎಂದು ಪಾವ್ಲೋವನ ನಾಯಿಗಳು ಕಲಿತಂತೆ ಬೀಗದಕೈ ಎಂದರೆ ಅನಾಥತನ ಎಂದು ಇವನು ಕಲಿತಿದ್ದ. ಅದನ್ನು ಮರೆಸಬೇಕು. ಆದ್ದರಿಂದ ನಮ್ಮ ಯಜಮಾನರು ಶನಿವಾರ ಬೆಳಗ್ಗೆ ಬೂಟು ಹಾಕಿ, ಕೋಟು ತೊಟ್ಟು, ಚೀಲ ಹೆಗಲಿಗೇರಿಸಿ, ಬೀಗದಕೈ ಅಲ್ಲಾಡಿಸಿ, ಎಲ್ಲಿಗೂ ಹೋಗದೆ ಸೋಫಾದ ಮೇಲೆ ಕೂತು ಟಿ.ವಿ. ನೋಡಬೇಕು. ಎದ್ದು ಮತ್ತೆ ಅದನ್ನೇ ಮಾಡಬೇಕು. ವಿಡಿಯೋ ಕಾಲಿನಲ್ಲಿ ಇದನ್ನು ಕಂಡ ಅತ್ತೆ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, "ಖರೆ ಹೇಳವ್ವಾ, ಇವನ ಕೆಲಸ ಹೋಗೈತಾ?" ಎಂದು ಕೇಳಿದರು.

ಎರಡನೆಯ ಹಂತ ಹೊರಗೆ ಹೋಗಿ ಬರುವುದು. ಐದು ಸೆಕೆಂಡಿಗೆ ವಾಪಸು, ಹತ್ತು ಸೆಕೆಂಡಿಗೆ ವಾಪಸು, ನಾಯಿ ಗಾಬರಿಯಾಗುವ ಮೊದಲೇ ವಾಪಸು. ಫೆಬ್ರುವರಿಯ ಹಿಮದಲ್ಲಿ ಸ್ವಂತ ಮನೆಯ ಬಾಗಿಲೆದುರು ಗಡಿಯಾರ ನೋಡುತ್ತ ನಿಂತವರನ್ನು ಕಂಡು ಪಕ್ಕದ ಮನೆಯವರು ಬಂದು, "ಹೆಂಡತಿ ಒಳಗೆ ಬಿಡುತ್ತಿಲ್ಲವೇ?" ಎಂದು ಮೆಲ್ಲಗೆ ವಿಚಾರಿಸಿ ಬಿಸಿ ಕಾಫಿ ಕೊಟ್ಟರು. ಈ ತರಬೇತಿಯ ಮುಖ್ಯ ನಿಯಮ, ಹೊರಡುವಾಗ ಸಡಗರ ಕೂಡದು. ಸುಮ್ಮನೆ ಎದ್ದು ಹೋಗಬೇಕು. ಇದನ್ನು ಕನ್ನಡಿಗರಿಗೆ ಹೇಳುತ್ತೀರಾ? ನಮ್ಮಲ್ಲಿ ನೆಂಟರು "ಬರ್ತೀವಿ" ಎಂದು ಎದ್ದ ಮೇಲೆಯೇ ಅಲ್ಲವೇ ಮಾತು ಶುರುವಾಗುವುದು? ಸೋಫಾದ ಹತ್ತಿರ ಒಂದು ಸುತ್ತು, ಚಪ್ಪಲಿಯ ಹತ್ತಿರ ಒಂದು ಸುತ್ತು, ಕಾರಿನ ಗಾಜು ಇಳಿಸಿ ಮುಖ್ಯ ವಿಷಯ. ನಮ್ಮ ಮನೆಗೆ ನಾಲ್ಕು ಜನ ಬಂದು ಹೋದ ಸಂಜೆ ಮೈಲಾರನ ತಿಂಗಳ ತರಬೇತಿ ನೀರಿಗೆ ಬೀಳುತ್ತಿತ್ತು.

ಕೊನೆಗೆ ಡಾಕ್ಟರಮ್ಮ ವಿಡಿಯೋ ನೋಡಿ, ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಮಾಡಿಸಿ ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು, "ಮಾತ್ರೆ ಕೊಟ್ಟು ನೋಡೋಣವೇ?" ಎಂದರು. ಒಂಟಿತನದ ಈ ಹೆದರಿಕೆಗೆಂದೇ ಅಮೆರಿಕ ಸರ್ಕಾರದ ಒಪ್ಪಿಗೆ ಪಡೆದ ನಾಯಿ ಔಷಧಿಗಳಿವೆ. ಕ್ಲೋಮಿಪ್ರಮಿನ್‌ಗೆ 1990ರ ದಶಕದ ಕೊನೆಯಲ್ಲಿ, ಫ್ಲುಆಕ್ಸೆಟಿನ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡನೆಯದು ಮನುಷ್ಯರಿಗೆ 1987ರಲ್ಲೇ ಪ್ರೋಜ್ಯಾಕ್ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆದದ್ದು. ಇದು ಮಂಪರು ಬರಿಸಿ ಮಲಗಿಸುವ ಮದ್ದಲ್ಲ. ಕೆಲಸ ತೋರಿಸಲು ವಾರಗಟ್ಟಲೆ ಬೇಕು. ಮೊದಮೊದಲು ಊಟ ಸೇರದಿರಬಹುದು, ವಾಂತಿಯಾಗಬಹುದು, ಮಂಕಾಗಬಹುದು. ಡಾಕ್ಟರನ್ನು ಕೇಳದೆ ಇದ್ದಕ್ಕಿದ್ದಂತೆ ನಿಲ್ಲಿಸಕೂಡದು. ಮಾತ್ರೆಯೊಂದೇ ಏನನ್ನೂ ಕಲಿಸದು. ಹೆದರಿಕೆ ತಗ್ಗಿ ಪಾಠ ತಲೆಗೆ ಹತ್ತುವಂತೆ ಮಾಡುತ್ತದೆ ಅಷ್ಟೆ, ಯಜಮಾನರ ಬಾಗಿಲ ತಪಸ್ಸು ತಪ್ಪದು. ಇಷ್ಟೆಲ್ಲ ಹೇಳಿ ಆಕೆ ಸಂತೋಷದಿಂದ, "ಇದು ಬೀಫ್ ರುಚಿಯಲ್ಲೂ ಸಿಗುತ್ತದೆ, ನಾಯಿಗಳು ತಕರಾರಿಲ್ಲದೆ ತಿನ್ನುತ್ತವೆ" ಎಂದರು. ತಕರಾರು ನಾಯಿಯದಲ್ಲ ಎಂದು ಆಕೆಗೆ ಹೇಗೆ ತಿಳಿಸುವುದು? ರುಚಿಯಿಲ್ಲದ್ದನ್ನೇ ಬರೆಸಿಕೊಂಡು ಬಂದೆ.

ಅಷ್ಟು ಹೊತ್ತಿಗೆ ಅತ್ತೆ ಮಾವ ಬಂದರು. ಮನೆಯಲ್ಲಿ ಸದಾ ಇಬ್ಬರಿರುವುದರಿಂದ ಮೈಲಾರ ಊಳಿಡುವುದನ್ನೇ ಬಿಟ್ಟ. ಈ ಕಾಯಿಲೆಗೆ ಅತ್ತೆಗಿಂತ ಒಳ್ಳೆಯ ಔಷಧಿ ಇಲ್ಲ. ಆದರೆ ಆರು ತಿಂಗಳಿಗಿಂತ ಹೆಚ್ಚು ಕೊಡಲು ಇಮಿಗ್ರೇಶನ್ನಿನವರು ಬಿಡುವುದಿಲ್ಲ. ಅವರು ಹೊರಡುವ ಮೊದಲೇ ಮಾತ್ರೆ ಶುರುಮಾಡಬೇಕು ಎಂದು ಡಬ್ಬಿ ಊಟದ ಮೇಜಿನ ಮೇಲಿಟ್ಟೆ. ಮಾವ ಕನ್ನಡಕ ಏರಿಸಿ ಓದಿದರು, ಫೋನಿನಲ್ಲಿ ಹುಡುಕಿದರು, ಡಬ್ಬಿಯನ್ನು ದೂರ ಸರಿಸಿದರು.

"ಇದು ಹುಚ್ಚಿನ ಮಾತ್ರೆ."

"ಹುಚ್ಚಿಂದಲ್ಲ ಮಾವ, ಹೆದರಿಕೇದು."

"ಬೇಜಾರಾಗಿದ್ದಕ್ಕೆಲ್ಲ ಮಾತ್ರೆಯೇನಮ್ಮಾ? ಹಂಗಾದ್ರೆ ಕೆ.ಇ.ಬಿ.ಯಲ್ಲಿ ಅಷ್ಟು ವರ್ಷ ಸರ್ವೀಸ್ ಮಾಡಿದ ನನಗೆ ಟ್ಯಾಂಕರಿನಲ್ಲಿ ಕೊಡಬೇಕಿತ್ತು."

"ನಿಮ್ಮ ಬಿ.ಪಿ. ಮಾತ್ರೆ ಮತ್ತೆ?"

"ಅದು ದೇಹದ್ದು. ಇದು ಮನಸ್ಸಿಂದು. ಮನಸ್ಸಿನ ಮಾತ್ರೆ ಒಂದ್ಸಲ ತಗೊಂಡ್ರೆ ಅಭ್ಯಾಸ ಆಗಿಬಿಡ್ತದೆ" ಎಂದು ಹೇಳಿ ಮಾವ, ನಾನು ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಪ್ಪಿಸದ ಬಿ.ಪಿ. ಮಾತ್ರೆಯನ್ನು ಮಜ್ಜಿಗೆಯ ಜೊತೆ ನುಂಗಿದರು.

ಅತ್ತೆಯ ಚಿಂತೆ ಬೇರೆ. ಬಾಗಿಲು ಹಾಕಿ ಬಂದು, "ಕೊಡೋದಾದ್ರೆ ಕೊಡು. ಆದ್ರೆ ಕೂಟದಾಗೆ ಯಾರ ಮುಂದೂ ಬಾಯಿ ಬಿಡಬ್ಯಾಡ. ನಾಳೆ ಹುಡುಗಿ ಮದುವೆ ಆಗಬೇಕು" ಎಂದರು. ಹುಡುಗಿ ಹತ್ತನೆಯ ಕ್ಲಾಸು. ಗಂಡಿನ ಕಡೆಯವರು ಬಂದು ಮನೆತನದಲ್ಲಿ ಯಾರಿಗಾದರೂ ತಲೆ ಕೆಟ್ಟಿದೆಯೇ ಎಂದು ವಿಚಾರಿಸುವಾಗ ನಾಯಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಂದು ನನಗೆ ಆವತ್ತೇ ಗೊತ್ತಾದದ್ದು. ಯಜಮಾನರು ಮಹಾಭಾರತದ ಮೊರೆಹೋದರು: "ನಾಯಿ ಬಿಟ್ಟು ಸ್ವರ್ಗಕ್ಕೂ ಬರಲ್ಲ ಅಂದನಲ್ಲ ಧರ್ಮರಾಯ, ಅವನಿಗೂ ಇದೇ ಕಾಯಿಲೆ." ಮಾವ ಒಂದು ಕ್ಷಣ ಯೋಚಿಸಿ, "ಅವನೇನು ಮಾತ್ರೆ ತಗೊಂಡ್ನಾ?" ಎಂದರು.

ಆದರೂ ಮಾತ್ರೆ ಶುರುವಾಯಿತು. ಕೊಟ್ಟವರು ಯಾರು ಗೊತ್ತೇ? ಅತ್ತೆ. ಬೆಳಗ್ಗೆ ಪೂಜೆ ಮುಗಿಸಿ, ಚೂರು ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಂಡೆ ಮಾಡಿ, ನಡುವೆ ಮಾತ್ರೆ ಅದುಮಿ, ನೀಲಿ ಟೇಪಿನ ಹೊರಗೆ ಕೂತವನ ಬಾಯಿಗೆ ಹಾಕಿ ಗಂಟಲು ನೀವುತ್ತಿದ್ದರು. ದಾವಣಗೆರೆಯವರಿಗೆ ಬೆಣ್ಣೆಯಿಂದ ಆಗದ ಕೆಲಸವಿಲ್ಲ. ಮೊದಲು ಕೆಲವು ದಿನ ಊಟ ಬಿಟ್ಟ, ಮಂಕಾದ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ನಿಧಾನಕ್ಕೆ ಅನ್ನದ ಬಟ್ಟಲು ಖಾಲಿಯಾಗತೊಡಗಿತು. ನಾವೆಲ್ಲ ಓಕ್ ಟ್ರೀ ರೋಡಿಗೆ ತರಕಾರಿಗೆಂದು ಹೋದ ಒಂದು ಮಧ್ಯಾಹ್ನ ಕ್ಯಾಮೆರಾದಲ್ಲಿ ನೋಡಿದರೆ, ಮೈಲಾರ ಬಾಗಿಲವರೆಗೆ ಹೋದ, ಕುಂಯ್ ಎಂದ, ವಾಪಸು ಬಂದು ಯಜಮಾನರ ಕಾಲುಚೀಲದ ಮೇಲೆ ತಲೆಯಿಟ್ಟು ಮಲಗಿದ. ಪವಾಡವೇನಲ್ಲ. ಗುಡುಗು ಬಂದ ದಿನ ಈಗಲೂ ಚೌಕಟ್ಟು ಕೆರೆಯುತ್ತಾನೆ, ಯಜಮಾನರು ಈಗಲೂ ಬಾಗಿಲಾಚೆ ನಿಂತು ಎಣಿಸುತ್ತಾರೆ. ಈಗ ಎಣಿಸುವುದು ನಿಮಿಷಗಳಲ್ಲಿ.

ನವೆಂಬರಿನ ರಾಜ್ಯೋತ್ಸವಕ್ಕೆ ಗುಟ್ಟು ರಟ್ಟಾಯಿತು. ರಟ್ಟು ಮಾಡಿದವರು, ಯಾರ ಮುಂದೂ ಬಾಯಿ ಬಿಡಬ್ಯಾಡ ಎಂದ ಅತ್ತೆಯೇ. ಬಿಸಿಬೇಳೆಬಾತಿನ ಸಾಲಿನಲ್ಲಿ ನಗೆ ಎದ್ದಿತು. "ನಾಯಿಗೂ ಡಿಪ್ರೆಶನ್ನಾ?" "ನಮ್ಮಜ್ಜಿಗೆ ಹನ್ನೊಂದು ಮಕ್ಕಳು, ಒಂದು ಮಾತ್ರೆ ಕಂಡವಳಲ್ಲ." ಎಲ್ಲರಿಗಿಂತ ಜೋರಾಗಿ ನಕ್ಕವರು, ವೇದಿಕೆ ಏರಿದರೆ ಸಭೆಯನ್ನೆಲ್ಲ ನಗಿಸುವ ನಮ್ಮ ಒಬ್ಬ ಹಿರಿಯ ಸ್ನೇಹಿತರು. ಅವರೇ ಆಮೇಲೆ ಪಾರ್ಕಿಂಗಿನಲ್ಲಿ ನಮ್ಮ ಕಾರಿನ ಹತ್ತಿರ ಬಂದು, ಆಚೀಚೆ ನೋಡಿ ಕೇಳಿದರು.

"ನಿಮ್ಮ ನಾಯಿಗೆ ಎಷ್ಟು ಮಿಲಿಗ್ರಾಂ?"

ಹೇಳಿದೆ.

"ಶುರುವಿನಲ್ಲಿ ಹೊಟ್ಟೆ ತೊಳಸುತ್ತೆ. ಹೆದರಬೇಡಿ, ಸರಿಹೋಗುತ್ತೆ."

"ನಿಮ್ಮ ಮನೇಲೂ ನಾಯಿ ಇದೆಯಾ?"

"ಇಲ್ಲ."

ಅಲ್ಲಿಂದ ಮುಂದೆ ನನಗೆ ಫೋನುಗಳು ಶುರುವಾದವು, ಬಹುತೇಕ ನಾಯಿ ಸಾಕದ ಮನೆಗಳಿಂದ. ಒಬ್ಬರ ಸ್ನೇಹಿತರ ನಾಯಿಗೆ ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತದಂತೆ. ಇನ್ನೊಬ್ಬರ ನೆಂಟರ ನಾಯಿಗೆ ಭಾನುವಾರ ಸಂಜೆಯಾದರೆ ಎದೆ ಡವಡವ. ಲೇಆಫ್ ಸುದ್ದಿ ಓದಿದರೆ ಅನ್ನ ಸೇರದು. ಮತ್ತೊಂದು ನಾಯಿ, ತಾಯಿ ತೀರಿಕೊಂಡಾಗ ವೀಸಾದ ತಾಪತ್ರಯದಿಂದ ಊರಿಗೆ ಹೋಗಲಾಗದೆ, ಅಂದಿನಿಂದ ಮನೆಯಲ್ಲಿ ಯಾರ ಜೊತೆಗೂ ಮಾತಾಡುತ್ತಿಲ್ಲ. ನಾನು ಯಾವ ನಾಯಿಯ ಹೆಸರನ್ನೂ ಕೇಳುವುದಿಲ್ಲ. ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಮೈಲಾರನ ಡಬ್ಬಿಯಿಂದ ಕಡ ಕೊಡುವುದಿಲ್ಲ, ನಿಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಿ. ಮೈಲಾರನ ಖರ್ಚೆಲ್ಲ ನಮ್ಮ ಕೈಯಿಂದ. ನಿಮ್ಮ ನಾಯಿಯದಾದರೆ ಆಫೀಸಿನ ಇನ್ಶೂರೆನ್ಸೇ ಕೊಡಬಹುದು.

ಅಲ್ಲಿಯವರೆಗೆ ಪಿಸುಗುಟ್ಟುತ್ತಿದ್ದ ದನಿ ಇದ್ದಕ್ಕಿದ್ದಂತೆ ಮೊದಲಿನ ಜೋರಿಗೆ ಬರುತ್ತದೆ.

"ಹೌದಾ! ನಮ್ಮ ಕೈಯಿಂದ ಕೋಪೇ ಎಷ್ಟು ಬೀಳುತ್ತೆ?"

ಕೋಪೇ ಕೇಳಿದರೆಂದರೆ ಹೋಗುತ್ತಾರೆಂದೇ ಲೆಕ್ಕ.