ದುಬಾರಿ ಸಿಡಿ ಪ್ಲೇಯರನ್ನು ಗೆಲ್ಲಿಸುವ ಕ್ರಮ

ಎರಡು ಸಿಡಿ ಪ್ಲೇಯರುಗಳನ್ನು ಹೋಲಿಸಲು ಕೂರುವ ಮುನ್ನ ತೀರ್ಪನ್ನು ಬರೆದಿಟ್ಟುಕೊಳ್ಳಿ. ಹದಿನೈದು ಸಾವಿರದ್ದು ಸೋಲಬೇಕು, ಮೂರು ಲಕ್ಷದ್ದು ಗೆಲ್ಲಬೇಕು. ಇಷ್ಟು ಖಚಿತವಾದ ಮೇಲೆ ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿ.

ಮೊದಲು ಎರಡನ್ನೂ ಎತ್ತಿ ನೋಡಿ. ಭಾರವಾದದ್ದೇ ಒಳ್ಳೆಯದು. ಮುಂಭಾಗದ ಅಲ್ಯೂಮಿನಿಯಂ ಫಲಕವನ್ನು ಬೆರಳಿನಿಂದ ತಟ್ಟಿ. ಟ್ರೇ ಸದ್ದಿಲ್ಲದೆ ಜಾರಿ ಬಂದರೆ ಅರ್ಧ ಪರೀಕ್ಷೆ ಮುಗಿಯಿತು. 1982ರಲ್ಲಿ ಸೋನಿ ಸಿಡಿಪಿ-101 ಜಪಾನಿನ ಅಂಗಡಿಗೆ ಬಂದಾಗಲೂ ಇವತ್ತೂ ಸಿಡಿಯಲ್ಲಿರುವುದು ಅದೇ 16 ಬಿಟ್, ಸೆಕೆಂಡಿಗೆ ಅದೇ 44,100 ಮಾದರಿ ಎಂದು ಯಾರಾದರೂ ನೆನಪಿಸಿದರೆ ಮುಗುಳ್ನಗಿ. ಸಣ್ಣ ಗೀರು, ಧೂಳಿನಿಂದ ಕಳೆದುಹೋದ ಅಂಕಿಗಳನ್ನು ಅಗ್ಗದ ಪ್ಲೇಯರೂ ರೀಡ್-ಸಾಲೊಮನ್ ಲೆಕ್ಕದಿಂದ ಸರಿಪಡಿಸಿಕೊಳ್ಳುತ್ತದಲ್ಲ ಎಂದರೆ ಕಾಫಿ ತರಿಸಿ.

ವಾಲ್ಯೂಮನ್ನು ಮಾತ್ರ ಎಂದೂ ಸರಿದೂಗಿಸಬೇಡಿ. ಪ್ಲೇಯರಿನಿಂದ ಹೊರಬರುವ ಸಿಗ್ನಲ್ ವಾಡಿಕೆಯಂತೆ 2 ವೋಲ್ಟ್. ನಿಮ್ಮ ದುಬಾರಿ ಪೆಟ್ಟಿಗೆ 2.3 ಕೊಡುತ್ತಿದ್ದರೆ ನೀವು ಪುಣ್ಯವಂತರು. ಆ ಸುಮಾರು 1.2 ಡೆಸಿಬೆಲ್ ವ್ಯತ್ಯಾಸ ಕಿವಿಗೆ ‘ಜೋರು’ ಎನಿಸುವುದಿಲ್ಲ, ‘ತಿಳಿ’ ಎನಿಸುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಸ್ಪೀಕರಿನ ತಂತಿಗೆ ಅದನ್ನು ಹಿಡಿದರೆ ಎರಡರ ಮಟ್ಟವನ್ನೂ ಒಂದೇ ಮಾಡಬಹುದು. ಆ ಬೀದಿಗೆ ಕಾಲಿಡಬೇಡಿ.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅವಸರ ಬೇಡ. ಸೂಕ್ಷ್ಮ ನಾದಭೇದದ ನೆನಪು ಕಿವಿಯಲ್ಲಿ ನಿಲ್ಲುವುದು ಕೆಲವೇ ಸೆಕೆಂಡು. ಆದ್ದರಿಂದ ಕೇಬಲನ್ನು ನಿಧಾನವಾಗಿ ಬಿಚ್ಚಿ, ಒರೆಸಿ, ಊಟ ಮುಗಿಸಿ ಬಂದು ಜೋಡಿಸಿ. ಬೆಳಿಗ್ಗೆ ಕೇಳಿದ್ದನ್ನು ರಾತ್ರಿ ಕೇಳಿದ್ದರ ಜೊತೆ ಹೋಲಿಸಿದರೆ ಫಲ ಇನ್ನೂ ಚೆನ್ನಾಗಿ ಬರುತ್ತದೆ.

ಮನೆಯವರಿಂದ ಎಚ್ಚರವಾಗಿರಿ. “ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ, ನಾನು ಕಾಸು ಚಿಮ್ಮಿ ಯಾವುದೋ ಒಂದು ಹಾಕ್ತೀನಿ. ಹತ್ತು ಸಲದಲ್ಲಿ ಎಷ್ಟು ಸಲ ಸರಿಯಾಗಿ ಹೇಳ್ತೀರೋ ನೋಡೋಣ” ಎಂದು ಅವರು ನಿರ್ಮಲ ಮನಸ್ಸಿನಿಂದಲೇ ಕೇಳಬಹುದು. “ಒತ್ತಡದಲ್ಲಿ ಸಂಗೀತ ಕೇಳಕ್ಕಾಗಲ್ಲ ಕಣೇ” ಎನ್ನಿ. ಹತ್ತಕ್ಕೆ ಐದು ಬಂದ ಗಂಡಸಿಗೆ ಮೂರು ಲಕ್ಷ ಮಂಜೂರಾದ ಉದಾಹರಣೆಯಿಲ್ಲ.

ಸಂಗೀತದ ಆಯ್ಕೆಯೂ ಮುಖ್ಯ. ಹಳೆಯ 78 ಆರ್‌ಪಿಎಂ ಪ್ಲೇಟುಗಳಿಂದ ಸಿಡಿಗೆ ಇಳಿಸಿದ ಅಬ್ದುಲ್ ಕರೀಂ ಖಾನರ ಗಾಯನ ಹಾಕಿ. ಕಣ್ಣು ಮುಚ್ಚಿ, ತಲೆ ತುಸು ವಾಲಿಸಿ, “ಆಹಾ, ತಂಬೂರಿ ಈಗ ಬಿಚ್ಚಿಕೊಂಡಿತು” ಎನ್ನಿ. ನಿಮಗೆ ಕೇಳುತ್ತಿರುವುದು ಪ್ಲೇಟಿನ ಕರಕರ ಸದ್ದೇ ಆಗಿದ್ದರೂ ಅದನ್ನು ಇಷ್ಟು ವಿವರವಾಗಿ ಹಿಂದೆಂದೂ ಕೇಳಿರಲಿಲ್ಲ ಎಂಬುದು ಸುಳ್ಳಲ್ಲ. ಒಂದು ವೇಳೆ ಏನೂ ಬದಲಾವಣೆ ಕಾಣದಿದ್ದರೆ ಯಂತ್ರ ಇನ್ನೂ ಪಳಗಬೇಕು ಎಂದು ಸಾರಿ. ಎಷ್ಟು ದಿನ? ಅಂಗಡಿಯವರು ವಾಪಸು ತೆಗೆದುಕೊಳ್ಳುವ ಗಡುವು ಮುಗಿಯುವವರೆಗೆ.

ಆಮೇಲೂ ಸಂಶಯ ಕಾಡಿದರೆ ಸಿಡಿಯ ಅಂಚಿಗೆ ಹಸಿರು ಶಾಯಿ ಬಳಿಯಿರಿ. 1990ರ ಸುಮಾರಿಗೆ ಅಮೆರಿಕದ ಶ್ರವಣಪ್ರಿಯರು ಗಂಭೀರವಾಗಿಯೇ ಬಳಿದರು. ಅಂಚಿನಲ್ಲಿ ಚದುರುವ ಬೆಳಕನ್ನು ಹಸಿರು ಹೀರಿಕೊಳ್ಳುತ್ತದೆ ಎಂಬ ನಂಬಿಕೆ. ಸಿಡಿ ಓದುವ ಲೇಸರ್ 780 ನ್ಯಾನೋಮೀಟರಿನದು, ಅವಕೆಂಪು ಎಂದು ಹೇಳುವ ಭೌತಶಾಸ್ತ್ರದ ಮೇಷ್ಟರನ್ನು ಮನೆಗೆ ಕರೆಯಬೇಡಿ.

ಕೋಣೆಯ ಗೊಡವೆಗೆ ಹೋಗಬೇಡಿ. ಮೊಸಾಯಿಕ್ ನೆಲ ಬರಿದಾಗಿರಲಿ. ಒಂದು ಸ್ಪೀಕರ್ ಮೂಲೆಯಲ್ಲಿ ಗೋಡೆಗೆ ಒರಗಿರಲಿ, ಇನ್ನೊಂದು ಗಾಜಿನ ಶೋಕೇಸಿನ ಮೇಲೆ ಗಣಪತಿ ವಿಗ್ರಹದ ಪಕ್ಕ ಕೂತು ಮಂದ್ರ ಬಂದಾಗಲೆಲ್ಲ ಒಳಗಿನ ಲೋಟಗಳನ್ನು ಅಲ್ಲಾಡಿಸಲಿ. ಜಮಖಾನ ಹಾಸಿ, ಪರದೆ ಕಟ್ಟಿ, ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದೆ ತಂದರೆ ಪ್ಲೇಯರ್ ಬದಲಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಕೇಳುವುದು ದಿಟ. ಆದರೆ ಸ್ಪೀಕರ್ ಸರಿಸಲು ಕಾಸು ಖರ್ಚಿಲ್ಲ. ಖರ್ಚಿಲ್ಲದ ಸುಧಾರಣೆಯನ್ನು ನೆಂಟರಿಗೆ ತೋರಿಸುವುದಾದರೂ ಹೇಗೆ?

ಕಿವಿ ಪರೀಕ್ಷೆ ಮಾಡಿಸಬೇಡಿ. ಪೆಟ್ಟಿಗೆಯ ಮೇಲೆ 20,000 ಹರ್ಟ್ಜ್‌ವರೆಗೆ ಎಂದು ಬರೆದಿರುತ್ತದೆ. ಐವತ್ತು ದಾಟಿದ ಕಿವಿಗೆ ಅದರ ಮೇಲ್ತುದಿ ಸಾಮಾನ್ಯವಾಗಿ ತಲುಪುವುದಿಲ್ಲ. ಕೇಳದಿದ್ದರೇನು, ದುಡ್ಡು ಕೊಟ್ಟಿದ್ದೀರಿ, ಅದು ನಿಮ್ಮದೇ.

ಕೊನೆಯದಾಗಿ, ಸೋತ ಪ್ಲೇಯರನ್ನು ಭಾವಮೈದುನನಿಗೆ ದಾನ ಮಾಡಿ. ಹಬ್ಬಕ್ಕೆಂದು ಹೋದಾಗ ಆತನ ಹಾಲಿನಲ್ಲಿ, ಪುಸ್ತಕದ ಕಪಾಟು ಮತ್ತು ದಪ್ಪ ಜಮಖಾನದ ನಡುವೆ, ಅದು ನಿಮ್ಮ ಮೂರು ಲಕ್ಷದ್ದಕ್ಕಿಂತ ಇಂಪಾಗಿ ಹಾಡಿದರೆ ಗಾಬರಿಯಾಗಬೇಡಿ. ಒಬ್ಬಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು, “ನಿಮ್ಮ ಏರಿಯಾದಲ್ಲಿ ಕರೆಂಟು ಚೆನ್ನಾಗಿದೆ ಕಣಯ್ಯ” ಎನ್ನಿ.