ಸೋರಿಕೆ ಸಾಹೇಬರು

ಕರ್ಜಗಿಯಲ್ಲಿ ರೊಟ್ಟಿ ಬಡಿಯುವ ಸದ್ದೇಳುವ ಹೊತ್ತಿಗೆ ಮಲಗಲು ಹೋಗುವವರು ಇಬ್ಬರೇ: ಮೆಣಸಿನಕಾಯಿ ಚೀಲ ಬ್ಯಾಡಗಿಗೆ ಮುಟ್ಟಿಸಿ ಬಂದ ಟೆಂಪೊ ಡ್ರೈವರ್ ಮತ್ತು ನಮ್ಮ ಸೋರಿಕೆ ಸಾಹೇಬರು. ಕೊರೊನಾ ಕಾಲದಲ್ಲಿ ಬೆಂಗಳೂರಿನ ನೌಕರಿಯನ್ನು ಮನೆಗೇ ಹೊತ್ತು ತಂದವರು ತಿರುಗಿ ಒಯ್ದಿಲ್ಲ. ಎಲ್ಲೋ ಇರುವ ಲಿನಕ್ಸ್ ಸರ್ವರಿನ ಮೆಮೊರಿ ಕಾಯುವುದು ಅವರ ಕಸುಬು.

“ಸಾಹೇಬ್ರ, ಸೋರೂದು ನಿಂತಿತೇನ್ರಿ?” ಎಂದರೆ ಸಾಕು, ಚಹಾ ಆರುವವರೆಗೆ ಹೇಳುತ್ತಾರೆ. “ಮಾಲಾಕ್ ಅಂತ ಮೆಮೊರಿ ಇಸ್ಕೋತಾವ್ರಿ ಪ್ರೋಗ್ರಾಮು. ಫ್ರೀ ಅಂತ ತಿರುಗಿ ಕೊಡಾಕ ಕೈ ಬರೂದಿಲ್ಲ. ಮನಷ್ಯಾರ ಬುದ್ಧಿ!”

ಈ ಸಲದ ಸೋರಿಕೆ ಆರು ವಾರ ಆಡಿಸಿತು. ಹದಿನಾರು ಜಿಬಿಯಲ್ಲಿ ಹನ್ನೊಂದು ಮಾಯ. ಪ್ರೋಸೆಸ್‌ಗಳನ್ನೆಲ್ಲ ಕೂಡಿಸಿದರೆ ನಾಲ್ಕೇ. ಕ್ಯಾಶ್ ಇರಬಹುದೆಂದ ಹೊಸ ಹುಡುಗನಿಗೆ ಫೋನಿನಲ್ಲೇ ಬೈಗುಳ: “ಕ್ಯಾಶ್ ಬೇಕಂದಾಗ ಬಿಟ್ಟ ಕೊಡತೈತೋ, ಅವೇಲೆಬಲ್ ಕಾಲಂ ನೋಡು!” ಅನುಮಾನ ಮೊದಲು ಡೇಟಾಬೇಸಿನ ಮೇಲೆ, ಆಮೇಲೆ ಜಾವಾದ ಮೇಲೆ, ಕೊನೆಗೆ ಕರ್ನೆಲ್ ಮೇಲೆ. ಸೋರಿಕೆ ಹುಡುಕುವ ವಾಲ್‌ಗ್ರಿಂಡ್ ಹಚ್ಚಿದರು. ಪ್ರೋಗ್ರಾಮು ಇಪ್ಪತ್ತು ಪಟ್ಟು ನಿಧಾನವಾಯಿತು, ‘ಡೆಫಿನಿಟ್ಲಿ ಲಾಸ್ಟ್’ ಸೊನ್ನೆ. ಸ್ವಲ್ಪ ‘ಸ್ಟಿಲ್ ರೀಚೆಬಲ್’, ಅಂದರೆ ಬಿಟ್ಟುಕೊಟ್ಟಿಲ್ಲ, ಆದರೆ ವಿಳಾಸ ಗೊತ್ತಿದೆ. ಕಾರಹುಣ್ಣಿಮೆಗೆ ಊರೆಲ್ಲ ಬಂಡಿ ನೋಡಲು ನೆರೆದಾಗಲೂ ಇವರು ಒಳಗೆ ಕೂತು, ಒಲೆಯ ಮೇಲಿನ ಹಾಲು ಕಾಯುವ ಅತ್ತೆಯ ಹಾಗೆ, ಟಾಪ್ ಕಮಾಂಡಿನ ಪಟ್ಟಿ ಕಾಯುತ್ತಿದ್ದರು.

ರವಿವಾರಕ್ಕೊಮ್ಮೆ ರೀಬೂಟ್ ಮಾಡಿದರೆ ಎಲ್ಲ ಸರಿ. ಸುಳಿವು ಅಲ್ಲೇ ಇತ್ತು. ಒಂದು ನಸುಕಿನಲ್ಲಿ ಸುಮ್ಮನೆ ಡಿಸ್ಕ್ ಲೆಕ್ಕದ ಡಿಎಫ್ ಕಮಾಂಡ್ ಹೊಡೆದರೆ, ಡೆವ್ ಎಸ್‌ಎಚ್‌ಎಂ ಎಂಬ ಡೈರೆಕ್ಟರಿಯಲ್ಲಿ ಏಳು ಜಿಬಿ! ನೋಡಲು ಡಿಸ್ಕಿನ ಹಾಗಿದ್ದರೂ ಅದು ಟಿಎಂಪಿಎಫ್‌ಎಸ್. ತಿನ್ನುವುದು ರ‍್ಯಾಮ್, ಲೆಕ್ಕ ಯಾವ ಪ್ರೋಸೆಸ್ಸಿನ ಹೆಸರಿಗೂ ಇಲ್ಲ. ಫ್ರೀ ಕಮಾಂಡಿನ ಶೇರ್ಡ್ ಕಾಲಂ ಆರು ವಾರದಿಂದ ಅದನ್ನೇ ಕೂಗುತ್ತಿತ್ತು. ಒಳಗಿದ್ದದ್ದು ದಿನಕ್ಕೊಂದರಂತೆ ದಪ್ಪ ಡೀಬಗ್ ಫೈಲು. ಒಡೆಯನ ಹೆಸರು ನೋಡಿದರು: ತಮ್ಮದೇ ಲಾಗಿನ್. ವೇಗವಾಗಿರಲಿ ಎಂದು ತಾವೇ ಕ್ರಾನ್‌ಗೆ ಹಾಕಿ ಮರೆತ ಸ್ಕ್ರಿಪ್ಟು.

ಆಫೀಸಿಗೆ ‘ಮೂಲ ಪತ್ತೆಯಾಗಿದೆ, ಸರಿಪಡಿಸಲಾಗಿದೆ’ ಎಂದು ಮೇಲ್ ಹೋಯಿತು. ಯಾರ ಮೂಲ ಎಂದು ಬರೆಯಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಹೋದ ದೀಪಾವಳಿಗೆ ಒಯ್ದ ಏಣಿ ಬೇಕಂತೆ.

“ಕಳದಿಲ್ರೀ ಕಾಕಾ, ಸ್ಟಿಲ್ ರೀಚೆಬಲ್ ಐತಿ,” ಎಂದು ಸಾಹೇಬರು ಅಟ್ಟದ ಕಡೆ ಕೈ ತೋರಿಸಿದರು.

ಅದನ್ನು ಇಳಿಸಲು ಎದುರು ಮನೆಯ ಏಣಿ ಇಸಗೊಂಡು ಬರಬೇಕಾಯಿತು.