ನಾಲ್ಕನೆಯ ಮಹಡಿಯ ರಾಗಿ ಹೊಲ

ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಮಲಗಿರಬಾರದು, ಅದೂ ದುಡಿಯಬೇಕು ಎನ್ನುವವರು ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ಆ ಹುದ್ದೆ ನನ್ನ ಹೆಂಡತಿಯ ತಮ್ಮನದು. ನಾನೇ ದುಡಿಯುತ್ತಿರುವಾಗ ದುಡ್ಡಾದರೂ ಮಲಗಲಿ ಬಿಡು ಅಂದರೆ ಅವನಿಗೆ ಒಪ್ಪಿಗೆಯಿಲ್ಲ. "ಭಾವ, ಎಫ್‌ಡಿ ಬಡ್ಡಿ ಬೆಲೆಯೇರಿಕೆಗೇ ಸರಿಹೋಗುತ್ತೆ. ಬೆಂಗಳೂರಲ್ಲಿ ಒಂದು ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡಿ. ಬಾಡಿಗೆದಾರರೇ ನಿಮ್ಮ ಕಂತು ಕಟ್ತಾರೆ" ಎಂದ. ಮೈಸೂರಿನ ಜಗಲಿಯಲ್ಲಿ ಕೂತು ಕೇಳಿದರೆ ಬೆಂಗಳೂರಿನ ಎಂಥ ಮಾತೂ ನಿಜವೆನಿಸುತ್ತದೆ.

ಕನಕಪುರ ರಸ್ತೆಯನ್ನು ಆರಿಸಿದ್ದೂ ಅವನೇ. 2021ರಲ್ಲಿ ಮೆಟ್ರೊದ ಹಸಿರು ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಬಂದಮೇಲೆ ಆ ಕಡೆ ಕಟ್ಟಡಗಳು ಎದ್ದ ರಭಸಕ್ಕೆ ಲೆಕ್ಕವಿಲ್ಲ. ನಾವು ನೋಡಿದ ಸಮುಚ್ಚಯಕ್ಕೆ ಇಟಲಿಯ ಯಾವುದೋ ಊರಿನ ಹೆಸರು. ಗೇಟಿನಲ್ಲಿ ನಿಂತ ಕಾವಲಿನವನು ಮಾತ್ರ ಅದನ್ನು "ಗೌಡ್ರ ತೋಟ" ಎಂದೇ ಕರೆಯುತ್ತಿದ್ದ.

ಮೊದಲು ನಮ್ಮನ್ನು ಮಾದರಿ ಮನೆಗೆ ಕರೆದೊಯ್ದರು. ಒಳಗೆ ಎಲ್ಲಿ ನೋಡಿದರೂ ವಿಶಾಲ. ಆದರೆ ನನ್ನ ಹೆಂಡತಿಯ ಕಣ್ಣು ಮಂಚದ ಮೇಲೆ ಬಿತ್ತು. ಮಾರಾಟದ ಹುಡುಗ ಬೇಡ ಮೇಡಂ, ಬೇಡ ಮೇಡಂ ಎನ್ನುತ್ತಿರುವಾಗಲೇ ಹೋಗಿ ಉದ್ದಕ್ಕೂ ಮಲಗಿಬಿಟ್ಟಳು. ಐದಡಿ ಒಂದಂಗುಲದ ಹೆಂಗಸಿನ ಹಿಮ್ಮಡಿಗಳು ಮಂಚದಾಚೆಗೆ ಚಾಚಿಕೊಂಡಿದ್ದವು. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನೇ ಗಿಡ್ಡ ಮಾಡಿಸಿದ್ದರು. ಆಮೇಲೆ ಗಮನಿಸಿದರೆ, ಒಳಗಿನ ಯಾವ ಕೋಣೆಗೂ ಬಾಗಿಲಿರಲಿಲ್ಲ. ಬಾಗಿಲು ತೆರೆದುಕೊಳ್ಳುವುದಕ್ಕೂ ಜಾಗ ಬೇಕಲ್ಲ!

ಅಳತೆಯ ಮಾತು ಇನ್ನೂ ಸೊಗಸು. 1,180 ಚದರಡಿ ಎಂದದ್ದು "ಸೂಪರ್ ಬಿಲ್ಟಪ್" ಅಂತೆ. ಗೋಡೆಯೊಳಗೆ ನಾವು ಕಾಲಿಡಬಹುದಾದ ಕಾರ್ಪೆಟ್ ಏರಿಯಾ 830. ಉಳಿದದ್ದು ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಕೆಳಗಿನ ಮೀನಿನ ತೊಟ್ಟಿಯಲ್ಲಿ ನಮಗೆ ಬರುವ ಪಾಲು. 2016ರ ರೇರಾ ಕಾಯ್ದೆ ಬಂದಮೇಲೆ ಕಾರ್ಪೆಟ್ ಏರಿಯಾವನ್ನು ತಿಳಿಸಲೇಬೇಕು. ತಿಳಿಸುತ್ತಾರೆ, ಕರಾರಿನ ಒಳಪುಟದಲ್ಲಿ. ಫಲಕದ ಮೇಲೆ ಈಗಲೂ ಸೂಪರ್ರೇ.

ನಿಜವಾದ ರಸ ಇರುವುದು ಕಾಗದಪತ್ರದಲ್ಲಿ. ಇಸಿ, ಇ-ಖಾತೆ, ಸ್ವಾಧೀನಪತ್ರ ಇವೆಲ್ಲ ಎಲ್ಲರಿಗೂ ಗೊತ್ತಿರುವವು. ನಮ್ಮ ವಕೀಲರು ಅಲ್ಲಿಗೆ ನಿಲ್ಲಲಿಲ್ಲ. ಮೂಲಪತ್ರ ತನ್ನಿ, ಪಹಣಿ ತನ್ನಿ, ಭೂಪರಿವರ್ತನೆಯ ಆದೇಶ ತನ್ನಿ ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ, ಕೊನೆಗೆ ಆ ಜಮೀನಿನವರ ವಂಶವೃಕ್ಷದ ಬುಡಕ್ಕೆ ಬಂದು ಕೂತರು. ಅಲ್ಲಿ ಮೊದಲು ಬೆಳೆಯುತ್ತಿದ್ದದ್ದು ರಾಗಿ. ಯಜಮಾನನಿಗೆ ಇಬ್ಬರು ಹೆಂಡಿರು; ದೊಡ್ಡವಳಿಗೆ ಮೂರು ಗಂಡು, ಎರಡು ಹೆಣ್ಣು, ಚಿಕ್ಕವಳಿಗೆ ಒಬ್ಬಳೇ ಮಗಳು. "ಈ ಕೊನೇ ಮಗಳ ಸಹಿ ಎಲ್ರೀ?" ಎಂದು ವಕೀಲರು ಕನ್ನಡಕ ಹಣೆಗೇರಿಸಿದರು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದೆಯಷ್ಟೆ. ಆಕೆಯ ಹಕ್ಕುಬಿಡುಗಡೆ ಪತ್ರ ಸಿಗುವವರೆಗೆ ನಮ್ಮ ಮನೆಯಲ್ಲಿ ಊಟ ತಿಂಡಿಗೆಲ್ಲ ಆಕೆಯದೇ ಮಾತು. ಪಾಪ, ಯಾವೂರಿಗೆ ಕೊಟ್ಟಿದ್ದರೋ, ಅಣ್ಣಂದಿರು ಅರಿಶಿನ ಕುಂಕುಮಕ್ಕಾದರೂ ಕರೆಯುತ್ತಿದ್ದರೋ ಇಲ್ಲವೋ ಎಂದು ನನ್ನ ಹೆಂಡತಿಗೆ ಸಂಕಟ. ನನ್ನ ಮುತ್ತಜ್ಜನ ಹೆಸರೇ ನನಗೆ ಸರಿಯಾಗಿ ಗೊತ್ತಿಲ್ಲ. ಆ ಮನೆಯವರ ನಾಲ್ಕು ತಲೆಮಾರು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಇಷ್ಟು ಗೋಳು ಏಕೆಂದರೆ, ಕಟ್ಟಡಕ್ಕೆ ವಯಸ್ಸಾಗುತ್ತದೆ, ಬೆಲೆ ಏರುವುದು ಅದರ ಕೆಳಗಿನ ಮಣ್ಣಿಗೆ. ಕ್ರಯಪತ್ರದಲ್ಲಿ ನನ್ನ ಪಾಲಿನ ಮಣ್ಣಿಗೆ ಅವಿಭಜಿತ ಹಕ್ಕು ಎಂದು ಹೆಸರು: 410 ಚದರಡಿ. ಅದು ಎಲ್ಲಿದೆ ಎಂದು ಮಾತ್ರ ಕೇಳಬಾರದು. ಇಡೀ ಹೊಲದಲ್ಲಿ ಎಲ್ಲೆಲ್ಲೂ ಇದೆ, ಎಲ್ಲಿಯೂ ಇಲ್ಲ. ಬ್ರಹ್ಮದ ವಿಷಯದಲ್ಲಿ ಇಂಥದನ್ನು ಕೇಳಿದ್ದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹೆಬ್ಬೆಟ್ಟೊತ್ತಿ ಪಡೆಯಬಹುದೆಂದು ತಿಳಿದಿರಲಿಲ್ಲ.

ಲೆಕ್ಕಕ್ಕೆ ಬರೋಣ. ಬೆಲೆ 85 ಲಕ್ಷ. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತ್ತು. ಮುದ್ರಾಂಕ, ಸೆಸ್ಸು ಎಲ್ಲ ಸೇರಿ ಶೇ 7.6, ಅಂದರೆ ಆರೂವರೆ ಲಕ್ಷದ ಹತ್ತಿರ. ಸಾಲ 50 ಲಕ್ಷ, ಶೇ 8.5ರ ಬಡ್ಡಿ, ಹದಿನೈದು ವರ್ಷ. ಕಂತು 49 ಸಾವಿರ. ಬಾಡಿಗೆ 28 ಸಾವಿರ. ಬೆಲೆಗೆ ಹೋಲಿಸಿದರೆ ವರ್ಷಕ್ಕೆ ನೂರಕ್ಕೆ ನಾಲ್ಕನ್ನೂ ಮುಟ್ಟುವುದಿಲ್ಲ. ಬಾಡಿಗೆದಾರರೇ ಕಂತು ಕಟ್ಟುತ್ತಾರೆ ಎಂಬುದರ ಅರ್ಥ, ಹುಬ್ಬಳ್ಳಿಯಿಂದ ಬಂದ ಸಾಫ್ಟ್‌ವೇರ್ ದಂಪತಿಗೆ ನಾನು ತಿಂಗಳಿಗೆ 21 ಸಾವಿರದ ವಿದ್ಯಾರ್ಥಿವೇತನ ಕೊಡುತ್ತಿದ್ದೇನೆ ಎಂದೇ. ಇದನ್ನು ಭಾವಮೈದನಿಗೆ ಹೇಳಿದರೆ, "ಬಾಡಿಗೆ ನೋಡ್ಬೇಡಿ ಭಾವ, ಜಾಗ ನೋಡಿ" ಎನ್ನುತ್ತಾನೆ. ನೋಡೋಣವೆಂದರೆ ಜಾಗ ಅವಿಭಜಿತ.

ಭೋಗ್ಯಕ್ಕೆ ಕೊಡಿ ಎಂದವರೂ ಇದ್ದರು. ಬೆಂಗಳೂರಿನಲ್ಲಿ ಲೀಸ್ ಎಂದರೆ ಅದೇ. ಇಡಿಗಂಟು ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಹೋಗುವಾಗ ಗಂಟು ವಾಪಸ್ಸು ಪಡೆಯುವುದು. ಪಡೆದ ಗಂಟನ್ನು ಮುಟ್ಟದೆ ಇಟ್ಟುಕೊಂಡ ಓನರು ಯಾವ ಪುರಾಣದಲ್ಲೂ ಬರುವುದಿಲ್ಲವಾದ್ದರಿಂದ ಆ ದಾರಿ ಬಿಟ್ಟೆ. ಹತ್ತು ತಿಂಗಳ ಅಡ್ವಾನ್ಸು ಕೇಳುವ ಊರಿನ ಹಳೆಯ ಪದ್ಧತಿಯನ್ನಾದರೂ ಎತ್ತಿಹಿಡಿಯೋಣ ಎಂದುಕೊಂಡರೆ, ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡೇ ತಿಂಗಳು ಎಂದಿದೆಯೆಂದು ಬಾಡಿಗೆಗೆ ಬಂದ ಹುಬ್ಬಳ್ಳಿಯ ಹುಡುಗ ಮೊಬೈಲ್ ತೋರಿಸಿದ. ಐದಕ್ಕೆ ರಾಜಿಯಾಯಿತು. ಕರಾರು ಹನ್ನೊಂದು ತಿಂಗಳದು. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಎದ್ದು ಬರುತ್ತದೆ.

ನಾವು ಬಾಡಿಗೆಗಿದ್ದ ಕಾಲದಲ್ಲಿ ಪ್ರಶ್ನೆ ಕೇಳುತ್ತಿದ್ದವರು ಓನರು. ಎಷ್ಟು ಜನ, ನೆಂಟರು ಬರುತ್ತಾರೋ, ಗೋಡೆಗೆ ಮೊಳೆ ಹೊಡೆಯುತ್ತೀರೋ? ಈಗ ನಾನು ಉತ್ತರ ಹೇಳುವ ಕಡೆಗೆ ಬಂದಿದ್ದೇನೆ. "ಕಾವೇರಿ ನೀರ ಬರ್ತಾವೇನ್ರಿ ಸರ, ಇಲ್ಲಾ ಬರೇ ಬೋರೋ?" ಎಂದು ಆ ಹುಬ್ಬಳ್ಳಿ ಹುಡುಗನ ಹೆಂಡತಿ ಕೇಳಿದಳು. 2024ರ ಬೇಸಿಗೆಯ ಟ್ಯಾಂಕರ್ ಸಾಲು ಕಂಡವಳು. ಕಾವೇರಿ ಐದನೆಯ ಹಂತ ಅದೇ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತಮ್ಮ, ದಿನಕ್ಕೆ 775 ದಶಲಕ್ಷ ಲೀಟರು ಎಂದು ನಾನು ವಿವರಿಸಿದೆ. "ಅದರಾಗ ನಮ್ಮ ನಲ್ಲಿಗೆ ಎಷ್ಟ್ರಿ?" ಎಂದಳು.

ಮೊನ್ನೆ ರಾತ್ರಿ ಗಂಡ ಫೋನ್ ಮಾಡಿದ. "ಸರ, ಗೀಸರ್ ಬಂದ್ ಬಿದ್ದೈತ್ರಿ. ಮತ್ತ ಬಾಡಿಗಿ ರಸೀದಿಗೆ ನಿಮ್ಮ ಪ್ಯಾನ್ ನಂಬರ್ ಬೇಕಾಗಿತ್ರಿ." ಎರಡಕ್ಕೂ ಹ್ಞೂಂ ಎಂದೆ. ಅವನು ಇಡಲಿಲ್ಲ. "ಇನ್ನೊಂದ್ ಮಾತ್ರಿ. ನಾನೂ ಹುಬ್ಬಳ್ಯಾಗ ಒಂದ್ ಫ್ಲ್ಯಾಟ್ ನೋಡೀನ್ರಿ, ಬಾಡಿಗಿಗೆ ಕೊಡಾಕ. ಏನೇನ್ ಕಾಗದಾ ನೋಡ್ಬೇಕ್ರಿ ಸರ?"

ಕುರ್ಚಿ ಎಳೆದುಕೊಂಡು ಕೂತೆ. ವಂಶವೃಕ್ಷದಿಂದ ಶುರು ಮಾಡಿದೆ. ಹೆಣ್ಣುಮಕ್ಕಳ ಸಹಿಗೆ ಬರುವಷ್ಟರಲ್ಲಿ ನನ್ನ ಹೆಂಡತಿಯೂ ಬಂದು ಫೋನಿಗೆ ಬಾಯಿ ಹಾಕಿದಳು. ಗೀಸರಿನ ವಿಷಯ ಯಾರಿಗೂ ನೆನಪಾಗಲಿಲ್ಲ.